ಕಾಂಡ್ಲಾ ಪಾರ್ಕು, ನಮ್ಮ ಚಂಡಿಹೊಳೆ ಮತ್ತು ಮೂರು ಗೆರಟೆ ನೀರು



ಈ ಸಲದ ಗೋಡೆ ಪತ್ರಿಕೆ ಏಳನೇ ತರಗತಿಯವರ ಪಾಳಿ. ಚಿತ್ರ ಬಿಡಿಸುವವರು ಚಿತ್ರ ಬಿಡಿಸಿದರು, ಒಗಟು ಬರೆಯುವವರು ಒಗಟು ಬರೆದರು. ಮಾಸ್ತರು ನನ್ನ ಹತ್ತಿರ "ನೀನು ಪಾಠದ ಲೇಖನ ಬರಿ, ದೊಡ್ಡದಿರಲಿ" ಅಂದರು. ಅದಕ್ಕೇ ಇದು ಎರಡು ಡ್ರಾಯಿಂಗ್ ಹಾಳೆ ಆಗಿದೆ. ಊಟದ ಬಿಡುವಿನಲ್ಲಿ ಅರ್ಧ, ಸಂಜೆ ಅರ್ಧ ಓದಬಹುದು.

ನಿಮಗೆಲ್ಲ ಗೊತ್ತಿರುವ ಸಂಗತಿಯಿಂದ ಶುರು ಮಾಡುತ್ತೇನೆ. ನಮ್ಮ ಶಾಲೆಯ ಹಿಂದೆ ಹಳ್ಳದ ಬದಿಗೆ ಒಂದು ತುಂಡು ಜಾಗ ಇದೆ. ಅಲ್ಲಿ ಚಿಕ್ಕ ಪಾರ್ಕು ಮಾಡಬೇಕು ಅಂತ ಪಾಲಕರ ಸಭೆಯಲ್ಲಿ ಮಾತಾಯ್ತು. ಎರಡು ಸಿಮೆಂಟ್ ಬೆಂಚು, ಸುತ್ತ ಕ್ರೋಟನ್ ಗಿಡ, ನಡುವೆ ಹುಲ್ಲು. ಅದರ ಚಿತ್ರ ಬಿಡಿಸಿದ್ದು ನಾನೇ. ಚಿತ್ರದಲ್ಲಿ ಹಳ್ಳದ ಅಂಚಿನ ಕೇದಿಗೆ ಹಿಂಡಲು ಇರಲಿಲ್ಲ. ಅದನ್ನು ಸವರಿ ಜಾಗ ಸ್ವಚ್ಛ ಮಾಡುವುದು ಅಂತ ಎಲ್ಲರೂ ಒಪ್ಪಿದ್ದರು, ನಾನೂ ಕೈ ಎತ್ತಿದ್ದೆ. ಆಮೇಲೆ ನಾವು ಪ್ರವಾಸಕ್ಕೆ ಕಾಸರಕೋಡಿಗೆ ಹೋದೆವು. ಅಲ್ಲಿಂದ ಬಂದ ಮೇಲೆ ನನಗೆ ನನ್ನ ಚಿತ್ರದ ಮೇಲೆಯೇ ಸಂಶಯ ಬಂತು. ಅದು ಎಂತಕ್ಕೆ ಅಂತ ಹೇಳುವುದೇ ಈ ಲೇಖನ.

ಮೊದಲು ನಮ್ಮ ನೀರು ಎಲ್ಲಿಗೆ ಹೋಗುತ್ತದೆ ನೋಡೋಣ.

ಯಾಣ ಅಂದರೆ ಹೊರಗಿನವರಿಗೆ ಬಂಡೆ ಮಾತ್ರ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್, ಎರಡೂ ಕಪ್ಪು ಸುಣ್ಣದ ಕಲ್ಲು. 1996ರಲ್ಲಿ 'ನಮ್ಮೂರ ಮಂದಾರ ಹೂವೆ' ಸಿನಿಮಾ ಬಂದ ಮೇಲೆ ಜನ ಬರುವುದು ಹೆಚ್ಚಾಯಿತು ಅಂತ ನಮ್ಮ ಅಪ್ಪ ಹೇಳುತ್ತಾರೆ. ಬಂಡೆಯ ಫೋಟೋ ತೆಗೆದುಕೊಂಡು ಅವರು ವಾಪಸು ಹೋಗುತ್ತಾರೆ. ಬಂಡೆಯ ಹತ್ತಿರ ಹುಟ್ಟುವ ನೀರನ್ನು ಯಾರೂ ಅಷ್ಟು ನೋಡುವುದಿಲ್ಲ. ಅದೇ ಚಂಡಿಹೊಳೆ. ಗಂಗೆಯೇ ಇಲ್ಲಿ ಹುಟ್ಟಿದಳು ಅಂತ ನಮ್ಮ ಹಿರಿಯರ ನಂಬಿಕೆ. ಈ ಹೊಳೆ ಕಾಡು ಇಳಿದು, ಕತಗಾಲದ ಕಡೆ ಹೋಗಿ, ಉಪ್ಪಿನಪಟ್ಟಣದ ಹತ್ತಿರ ಅಘನಾಶಿನಿ ಸೇರುತ್ತದೆ. ಮಳೆಗಾಲದಲ್ಲಿ ಕತಗಾಲದಲ್ಲಿ ರಸ್ತೆ ಮೇಲೆ ನೀರು ಬಂದು ಕುಮಟಾ-ಶಿರಸಿ ಬಸ್ಸು ನಿಲ್ಲುತ್ತದಲ್ಲ, ಅದು ಇದೇ ಹೊಳೆ. ಬೇಸಿಗೆಯಲ್ಲಿ ನಾವು ಚಪ್ಪಲಿ ಕೈಯಲ್ಲಿ ಹಿಡಿದು ದಾಟುವ ನೀರಿಗೆ ಅಷ್ಟು ಸೊಕ್ಕು ಬರುತ್ತದೆ.

ಅಘನಾಶಿನಿ ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುತ್ತದೆ. ಉದ್ದ ಸುಮಾರು 120 ಕಿ.ಮೀ. 'ಅಘ' ಅಂದರೆ ಪಾಪ, 'ನಾಶಿನಿ' ಅಂದರೆ ನಾಶ ಮಾಡುವವಳು. ಸಿದ್ದಾಪುರ ತಾಲೂಕಿನಲ್ಲಿ 116 ಮೀಟರ್ ಎತ್ತರದಿಂದ ಉಂಚಳ್ಳಿ ಜಲಪಾತವಾಗಿ ಬೀಳುತ್ತದೆ. ಆಮೇಲೆ ಘಟ್ಟದ ಕೆಳಗೆ ಬಂದು ಮಿರ್ಜಾನದ ಹತ್ತಿರ ಹಾದು, ತದಡಿ ಮತ್ತು ಅಘನಾಶಿನಿ ಎಂಬ ಎರಡು ಊರುಗಳ ನಡುವೆ ಸಮುದ್ರ ಸೇರುತ್ತದೆ. ಈ ಹೊಳೆಗೆ ಅಡ್ಡವಾಗಿ ದೊಡ್ಡ ಆಣೆಕಟ್ಟು ಇಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಪ್ರವಾಸದ ವಿಷಯ. ಕತಗಾಲ, ದೀವಗಿ, ಕುಮಟಾ ದಾಟಿ ಹೊನ್ನಾವರಕ್ಕೆ ಹೋದೆವು. ಶರಾವತಿ ಸೇತುವೆ ಬಂದಾಗ ಬಸ್ಸಿನಲ್ಲಿ ಎಲ್ಲರೂ ಒಂದೇ ಬದಿಗೆ ಹೋದರು, ಡ್ರೈವರಣ್ಣ ಬೈದರು. ಪಕ್ಕದಲ್ಲಿ ಕೊಂಕಣ ರೈಲ್ವೆ ಸೇತುವೆ ಕಾಣುತ್ತದೆ. ಅದು 2 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು ಉದ್ದ, ಕರ್ನಾಟಕದಲ್ಲೇ ಉದ್ದದ ರೈಲು ಸೇತುವೆ. ಹೊಳೆ ಅಷ್ಟು ಅಗಲ! ನಮ್ಮ ಹಳ್ಳ ನೋಡಿದ ಕಣ್ಣಿಗೆ ಅದು ಹೊಳೆಯೋ ಸಮುದ್ರವೋ ಗೊತ್ತಾಗಲಿಲ್ಲ.

ಸೇತುವೆ ದಾಟಿದ ಮೇಲೆ ಕಾಸರಕೋಡು. ಅಲ್ಲಿ ಕಡಲ ಬದಿಗೆ ಇಕೋ ಪಾರ್ಕ್ ಮತ್ತು ಇಕೋ ಬೀಚ್ ಇವೆ. ಈ ಬೀಚಿಗೆ 2020ರಲ್ಲಿ 'ಬ್ಲೂ ಫ್ಲ್ಯಾಗ್' ಎಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು, ಅದೇ ವರ್ಷ ಉಡುಪಿ ಜಿಲ್ಲೆಯ ಪಡುಬಿದ್ರಿಗೂ ಸಿಕ್ಕಿತು. ಹುಡುಗರು ನೀರಿಗೆ ಇಳಿಯಲು ಹಟ ಮಾಡಿದ್ದು, ಒಬ್ಬನ ಟೊಪ್ಪಿ ತೆರೆ ಹೊತ್ತುಕೊಂಡು ಹೋಗಿದ್ದು, ಅದನ್ನೆಲ್ಲ ಬೇರೆಯವರು ಪ್ರವಾಸ ಕಥನದಲ್ಲಿ ಬರೆದಿದ್ದಾರೆ. ನಾನು ಬರೆಯುವುದು ಹೊಳೆ ಬದಿಯ ಕಾಂಡ್ಲಾ ಕಾಡಿನ ಬಗ್ಗೆ. ಹೆದ್ದಾರಿ ಪಕ್ಕದಲ್ಲೇ ಕಾಂಡ್ಲಾ ಗಿಡಗಳ ನಡುವೆ ನಡೆದು ಹೋಗಲು ಕಾಲುದಾರಿ ಕಟ್ಟಿದ್ದಾರೆ. ನೆಲದ ಮೇಲೆ ನಡೆಯುವುದಲ್ಲ, ಕೆಸರಿನ ಮೇಲೆ ಅಟ್ಟ ಕಟ್ಟಿದ ಹಾಗೆ. ನಾವು ಹೋದಾಗ ಇಳಿತದ ಹೊತ್ತು. ಕೆಳಗೆ ಬರೀ ಕೆಸರು, ಅದರಲ್ಲಿ ಏಡಿಗಳು, ಮತ್ತೆ ನೆಲದಿಂದ ಮೇಲೆ ಎದ್ದು ನಿಂತ ಸಾವಿರಾರು ಕಡ್ಡಿಗಳು. ಯಾರೋ ಪೆನ್ಸಿಲು ಊರಿದ ಹಾಗೆ.

ಅವು ಬೇರು! ಬೇರು ಕೆಳಗೆ ಹೋಗುವುದನ್ನು ನಾವು ಮೂರನೇ ತರಗತಿಯಿಂದ ಓದಿದ್ದೇವೆ. ಇವು ಮೇಲೆ ಬರುತ್ತವೆ. ಯಾಕೆಂದರೆ ಕೆಸರಿನೊಳಗೆ ಗಾಳಿ ಇಲ್ಲ. ಬೇರಿಗೂ ಉಸಿರು ಬೇಕು. ಅದಕ್ಕೆ ಮೂಗು ಮೇಲೆ ಮಾಡಿ ನಿಲ್ಲುತ್ತವೆ. ಭರತ ಬಂದಾಗ ಮುಳುಗುತ್ತವೆ, ಇಳಿತದಲ್ಲಿ ಉಸಿರಾಡುತ್ತವೆ. ಇನ್ನೊಂದು ಜಾತಿಯ ಕಾಂಡ್ಲಾಕ್ಕೆ ಕೊಂಬೆ ಕಾಂಡದಿಂದ ಬೇರು ಇಳಿದು ಊರುಗೋಲಿನಂತೆ ನಿಂತಿರುತ್ತದೆ. ಅದರ ಬೀಜ ಮರದಲ್ಲಿ ಇರುವಾಗಲೇ ಮೊಳಕೆ ಒಡೆದು ನುಗ್ಗೆಕಾಯಿಯಂತೆ ಉದ್ದ ಜೋತು ಬೀಳುತ್ತದೆ. ಕೆಸರಿಗೆ ಬಿದ್ದರೆ ಅಲ್ಲೇ ನಾಟುತ್ತದೆ, ನೀರಿಗೆ ಬಿದ್ದರೆ ತೇಲಿ ಬೇರೆ ಊರಿಗೆ ಹೋಗುತ್ತದೆ. ಮಾಸ್ತರು ಇನ್ನೊಂದು ವಿಷಯ ಹೇಳಿದರು. ಒಂದು ಜಾತಿಯ ಕಾಂಡ್ಲಾದ ವೈಜ್ಞಾನಿಕ ಹೆಸರು 'ಕಂಡೇಲಿಯ'. ಅದು ಲ್ಯಾಟಿನ್ ಅಲ್ಲ, ಮಲಯಾಳದ 'ಕಂಡಲ್'. 17ನೇ ಶತಮಾನದಲ್ಲಿ ಕೇರಳದಲ್ಲಿ ಡಚ್ಚರು ಬರೆಸಿದ 'ಹೊರ್ಟಸ್ ಮಲಬಾರಿಕಸ್' ಎಂಬ ಗಿಡಗಳ ಪುಸ್ತಕದಿಂದ ಆ ಹೆಸರು ಹೋಯಿತು. ನಮ್ಮ ಕರಾವಳಿಯ ಮಾತು ದುನಿಯಾದ ವಿಜ್ಞಾನಿಗಳೆಲ್ಲ ಹೇಳುವ ಹಾಗಾಯಿತು.

ಕಾಲುದಾರಿಯ ಕೊನೆಗೆ ಒಬ್ಬ ಅಜ್ಜ ಕೂತು ಬಲೆ ಸರಿ ಮಾಡುತ್ತಿದ್ದರು. ಹೊಳೆ ಬದಿಯವರೇ, ಅಂಬಿಗರ ಪೈಕಿ ಅಂತ ಆಮೇಲೆ ಗೊತ್ತಾಯಿತು.

"ಯಾವ ಊರಿನವ್ರು ತಂಗೀ ನೀವು?"

"ಯಾಣದ ಕಡೆಯವ್ರು ಅಜ್ಜಾ."

"ಓಹೋ! ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ ಅಂತ ಕೇಳಿದ್ದೆ. ಯಾಣದವ್ರೇ ಇಲ್ಲಿಗೆ ಬಂದ್ರಲ್ಲ!"

ಎಲ್ಲರೂ ನಕ್ಕೆವು. ನಾನು ಕೇಳಿದೆ, "ಅಜ್ಜಾ, ಇಲ್ಲಿ ಬಳಚು ಸಿಕ್ತದ್ಯಾ?" ನಮ್ಮ ಚಿಕ್ಕಿಯ ಊರು ಮಾಸೂರಿನ ಕಡೆ, ಅಲ್ಲಿ ಬಳಚು ರಾಶಿ ಸಿಗುತ್ತದೆ, ಅದಕ್ಕೆ ಕೇಳಿದ್ದು. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ನಾವು ಸಣ್ಣವ್ರಿದ್ದಾಗ ಬೇಸಿಗೆ ಬಂತು ಅಂದ್ರೆ ಈ ಹೊಳೆ ಉಪ್ಪುಪ್ಪು. ಬಳಚು, ಕಲ್ಲು ಎಲ್ಲಾ ಸಿಕ್ತಿತ್ತು. ಈಗ ಬೇಸಿಗೆಲೂ ಮೇಲಿಂದ ಸಿಹಿನೀರು ಬತ್ತದೆ. ಅದ್ಕೆ ಆಗೂದಿಲ್ಲ. ನಿಮ್ಮ ಹೊಳೇಲೇ ಈಗ ಅದು ಹೆಚ್ಚು."

ನಿಮ್ಮ ಹೊಳೆ ಅಂದರು. ಅಘನಾಶಿನಿ ನಮ್ಮ ಹೊಳೆ ಅಂತ ನಾನು ಅವತ್ತಿನ ತನಕ ಅಂದುಕೊಂಡೇ ಇರಲಿಲ್ಲ.

ಸಿಹಿನೀರು ಬಂದರೆ ಒಳ್ಳೆಯದಲ್ಲವೋ? ಬಸ್ಸಿನಲ್ಲಿ ಇದೇ ಚರ್ಚೆ. ಮಾಸ್ತರು ಮರುದಿನ ಕಪ್ಪು ಹಲಗೆಯ ಮೇಲೆ ಎರಡು ಹೊಳೆ ಬರೆದು ವಿವರಿಸಿದರು. ನನಗೆ ತಿಳಿದ ಹಾಗೆ ಬರೆಯುತ್ತೇನೆ.

ಹೊಳೆ ಸಮುದ್ರ ಸೇರುವ ಜಾಗಕ್ಕೆ ಅಳಿವೆ ಎನ್ನುತ್ತಾರೆ. ಅಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಭರತದಲ್ಲಿ ಸಮುದ್ರದ ನೀರು ಹೊಳೆಯೊಳಗೆ ಬರುತ್ತದೆ, ಇಳಿತದಲ್ಲಿ ವಾಪಸು ಹೋಗುತ್ತದೆ. ಮಳೆಗಾಲದಲ್ಲಿ ಘಟ್ಟದಿಂದ ಬರುವ ಸಿಹಿನೀರು ಜೋರು, ಆಗ ಉಪ್ಪು ತೊಳೆದು ಹೋಗುತ್ತದೆ. ಬೇಸಿಗೆಯಲ್ಲಿ ಸಿಹಿನೀರು ಕಡಿಮೆ, ಆಗ ಉಪ್ಪುನೀರು ಬಹಳ ದೂರ ಒಳಗೆ ಬರುತ್ತದೆ. ಆರು ತಿಂಗಳು ಸಿಹಿ, ಆರು ತಿಂಗಳು ಉಪ್ಪು ಅನ್ನಬಹುದು. ಅಲ್ಲಿಯ ಮೀನು, ಶೆಟ್ಲಿ, ಬಳಚು, ಗಿಡ, ಜನ ಎಲ್ಲರೂ ಈ ಲೆಕ್ಕಕ್ಕೆ ಹೊಂದಿಕೊಂಡಿದ್ದಾರೆ.

ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಆಣೆಕಟ್ಟು ಆಯಿತು. ಆಮೇಲೆ ಗೇರುಸೊಪ್ಪದಲ್ಲೂ ಆಯಿತು. ಮಳೆಗಾಲದ ನೀರನ್ನು ಹಿಡಿದಿಟ್ಟು ವರ್ಷವಿಡೀ ಕರೆಂಟು ತೆಗೆಯುತ್ತಾರೆ. ಯಂತ್ರ ತಿರುಗಿಸಿದ ನೀರು ಬೇಸಿಗೆಯಲ್ಲೂ ಕೆಳಗೆ ಬರುತ್ತದೆ. ಅದರಿಂದ ಹೊನ್ನಾವರದ ಅಳಿವೆಯಲ್ಲಿ ಬೇಸಿಗೆಯ ಉಪ್ಪು ಕಡಿಮೆಯಾಯಿತು. ಉಪ್ಪು ಬೇಕಾದ ಬಳಚಿಗೆ ಕಷ್ಟವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಶರಾವತಿ ಮತ್ತು ಅಘನಾಶಿನಿ ಅಳಿವೆ ಎರಡನ್ನೂ ಹೋಲಿಸಿ ನೋಡಿ ಇದೇ ಮಾತು ಹೇಳಿದ್ದಾರೆ. ಬಲೆ ಅಜ್ಜ ಹೇಳಿದ್ದೂ ಅದೇ. ಅಜ್ಜ ಯಾವ ಪುಸ್ತಕವನ್ನೂ ಓದಿರಲಿಲ್ಲ, ಬರೀ ಹೊಳೆಯ ನೀರು ಬಾಯಿಗೆ ಹಾಕಿ ನೋಡಿದ್ದರು.

ಆದರೆ ನಾನು ಈ ಲೇಖನ ಬರೆಯುತ್ತಿರುವ ಬಲ್ಬಿನ ಕರೆಂಟೂ ಅಂಥ ನೀರಿನಿಂದಲೇ ಬರುವುದು. ಹಾಗಾಗಿ ಬೈಯುವುದಕ್ಕೂ ಆಗುವುದಿಲ್ಲ. ಅಜ್ಜ ಕೂಡ ಬೈಯಲಿಲ್ಲ.

ಈಗ ನಮ್ಮ ಹೊಳೆಯ ಅಳಿವೆ. ಸಂಕ್ರಾಂತಿ ರಜೆಯಲ್ಲಿ ನಾನು ಚಿಕ್ಕಿ ಮನೆಗೆ ಹೋದೆ. ನೋಟುಬುಕ್ಕು ತೆಗೆದುಕೊಂಡೇ ಹೋಗಿದ್ದೆ. ಆ ಕಡೆ ಹೊಳೆಯ ನಡುವೆ ಇರುವ ನಡುಗಡ್ಡೆಗೆ 'ಕುರ್ವೆ' ಅನ್ನುತ್ತಾರೆ. ಮಾಸೂರು ಕುರ್ವೆ, ಐಗಳಕುರ್ವೆ ಇವೆಲ್ಲ ಅಘನಾಶಿನಿಯಲ್ಲಿ. ಹೊನ್ನಾವರದ ಮಾವಿನಕುರ್ವೆ ಶರಾವತಿಯಲ್ಲಿ. ಹೊಳೆ ಬದಿಗೆ ಅಂಬಿಗರು, ಹರಿಕಂತ್ರರು, ಹಾಲಕ್ಕಿ ಒಕ್ಕಲಿಗರು, ಪಟಗಾರರು, ನಾಮಧಾರಿಗಳು, ಮುಕ್ರಿಯವರು ಹೀಗೆ ಬೇರೆ ಬೇರೆ ಜನ ಇದ್ದಾರೆ. ಒಬ್ಬರದ್ದು ದೋಣಿ, ಒಬ್ಬರದ್ದು ಬಲೆ, ಒಬ್ಬರದ್ದು ಗದ್ದೆ ಅಂತ ಪುಸ್ತಕದಲ್ಲಿ ಬರೆದಿರುತ್ತದೆ. ಅಲ್ಲಿ ಹೋಗಿ ನೋಡಿದರೆ ಹಾಗೆ ಗೆರೆ ಎಳೆಯಲಿಕ್ಕೆ ಆಗುವುದಿಲ್ಲ. ಬೆಳಿಗ್ಗೆ ಗದ್ದೆಗೆ ಹೋದವರು ಇಳಿತದ ಹೊತ್ತಿಗೆ ಬಳಚಿಗೆ ಇಳಿದಿರುತ್ತಾರೆ.

ಚಿಕ್ಕಿಯ ಅತ್ತೆಯವರು ಬಳಚು ಹೆಕ್ಕಲು ಹೋಗುವವರು. ಅವರು ಹೊರಡುವಾಗ ಗಡಿಯಾರ ನೋಡುವುದಿಲ್ಲ, ತಿಥಿ ಕೇಳುತ್ತಾರೆ. ಅಮಾವಾಸ್ಯೆ, ಹುಣ್ಣಿಮೆಗೆ ಭರತ-ಇಳಿತ ಎರಡೂ ದೊಡ್ಡದು. ದಿಬ್ಬ ಹೆಚ್ಚು ತೆರೆದುಕೊಳ್ಳುತ್ತದೆ, ಬಳಚು ಹೆಚ್ಚು ಸಿಗುತ್ತದೆ. ಅಷ್ಟಮಿ ಹೊತ್ತಿಗೆ ಇಳಿತ ಚಿಕ್ಕದು. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಇವತ್ತು ಬೆಳಿಗ್ಗೆ 8 ಗಂಟೆಗೆ ಇಳಿತ ಆದರೆ ನಾಳೆ 8-50ರ ಸುಮಾರಿಗೆ. ಚಂದ್ರ ದಿನಾ ತಡವಾಗಿ ಹುಟ್ಟುತ್ತಾನಲ್ಲ, ಅದೇ ಲೆಕ್ಕ. ಇದು ನಮ್ಮ ಪಾಠದಲ್ಲಿ ಚಿತ್ರದೊಂದಿಗೆ ಇದೆ, ಪರೀಕ್ಷೆಗೆ ನಾನು ಬಾಯಿಪಾಠ ಮಾಡಿದ್ದೆ. ಅವರು ಅದನ್ನು ಬುಟ್ಟಿ ಹಿಡಿದು ಮಾಡುತ್ತಾರೆ.

ನಾನೂ ಇಳಿದೆ. ಮೊಣಕಾಲ ತನಕ ಕೆಸರು. ಕಾಲಿನಿಂದಲೇ ತಡಕಿ ಗೊತ್ತು ಮಾಡಬೇಕು. ಅರ್ಧ ಗಂಟೆಯಲ್ಲಿ ನನಗೆ ಒಂದು ಹಿಡಿ, ಅವರಿಗೆ ಒಂದು ಬುಟ್ಟಿ! ಜೊತೆಗೆ ನನ್ನ ಕಾಲಿಗೆ ಚಿಪ್ಪು ತಾಗಿ ರಕ್ತ ಬಂತು. "ಹೆದರೂದಲ್ಲ ತಂಗೀ, ಉಪ್ಪು ನೀರೇ ಔಷಧ" ಅಂದರು. ಉರಿ ಮಾತ್ರ ಸಾಕಷ್ಟು ಆಯಿತು. ಇದರ ಮಾಂಸ ಪಲ್ಯಕ್ಕೆ, ಚಿಪ್ಪು ಸುಣ್ಣಕ್ಕೆ ಹೋಗುತ್ತದೆ. ಅಘನಾಶಿನಿ ಅಳಿವೆಯಲ್ಲಿ 2000ಕ್ಕೂ ಹೆಚ್ಚು ಜನ ಈ ಕೆಲಸದಿಂದ ಬದುಕುತ್ತಾರೆ ಎಂದು ವಿಜ್ಞಾನ ಸಂಸ್ಥೆಯವರ ಅಧ್ಯಯನದಲ್ಲಿದೆ, ಅದರಲ್ಲಿ ಹೆಂಗಸರೂ ಬಹಳ. ಜಮೀನು ಬೇಡ, ದೋಣಿ ಬೇಡ, ಸಾಲ ಬೇಡ. ಹೊಳೆ ಸರಿ ಇದ್ದರೆ ಸಾಕು.

ಎರಡನೆಯದು ಕಗ್ಗ. ಕಗ್ಗ ಅಂದರೆ ಉಪ್ಪುನೀರನ್ನು ತಡೆದುಕೊಳ್ಳುವ ಭತ್ತ. ಅದನ್ನು ಬೆಳೆಯುವ ತಗ್ಗು ಗದ್ದೆಗೆ 'ಗಜನಿ' ಅನ್ನುತ್ತಾರೆ. ಕುಮಟಾ ತಾಲೂಕಿನ ಮಾಣಿಕಟ್ಟಾ ಇದಕ್ಕೆ ಹೆಸರಾದ ಊರು. ಕಗ್ಗ ಆಳೆತ್ತರಕ್ಕೆ ಬೆಳೆಯುತ್ತದೆ, ನೆರೆ ನೀರಿನಲ್ಲಿ ಕೆಲವು ದಿನ ಮುಳುಗಿದರೂ ಸಾಯುವುದಿಲ್ಲ. ಗೊಬ್ಬರ, ಔಷಧ ಹಾಕುವುದಿಲ್ಲ. ಗಜನಿಯ ಸುತ್ತ ಕಟ್ಟೆ ಇರುತ್ತದೆ. ನೀರು ಬಿಡಲು, ತಡೆಯಲು ಹಲಗೆ ಬಾಗಿಲು ಇರುತ್ತದೆ, ಅದಕ್ಕೆ ಜಂತ್ರಡಿ ಎಂದು ಹೆಸರು. ಕೊಯ್ಲಾದ ಮೇಲೆ ಜಂತ್ರಡಿ ತೆಗೆದರೆ ಭರತದ ನೀರು ಒಳಗೆ ಬರುತ್ತದೆ, ಜೊತೆಗೆ ಮೀನು, ಶೆಟ್ಲಿ ಮರಿ ಬರುತ್ತವೆ. ಉಳಿದ ಕೂಳೆ ಕೊಳೆತು ಅವುಗಳಿಗೆ ಆಹಾರ. ಒಂದೇ ಗದ್ದೆಯಲ್ಲಿ ಮಳೆಗಾಲಕ್ಕೆ ಅನ್ನ, ಬೇಸಿಗೆಗೆ ಮೀನು.

ಈಗ ಬಹಳ ಗಜನಿ ಹಾಳು ಬಿದ್ದಿದೆ. ಚಿಕ್ಕಿ ಮನೆಯವರ ಗಜನಿಯೂ ಹಾಳು ಬಿದ್ದಿದೆ. ಕೆಲವು ಕಡೆ ಕಟ್ಟೆ ಒಡೆದು ಉಪ್ಪುನೀರು ಯಾವಾಗಲೂ ನುಗ್ಗುತ್ತದೆ. ಮೊದಲು ಕೆಲವರು ಭತ್ತ ಬಿಟ್ಟು ಶೆಟ್ಲಿ ಸಾಕಾಣಿಕೆ ಮಾಡಿದರು, 1990ರ ದಶಕದಲ್ಲಿ ಶೆಟ್ಲಿಗೆ ರೋಗ ಬಂದು ಕೈ ಸುಟ್ಟುಕೊಂಡರು. ಕಟ್ಟೆ ಒಬ್ಬರಿಂದ ಆಗುವ ಕೆಲಸ ಅಲ್ಲ. ಒಬ್ಬರು ಬಿಟ್ಟರೆ ಪಕ್ಕದವರ ಗದ್ದೆಗೂ ಉಪ್ಪು. ಚಿಕ್ಕಪ್ಪ ಈಗ ಗೋವಾಕ್ಕೆ ಕೆಲಸಕ್ಕೆ ಹೋಗುತ್ತಾರೆ. ಅವರು ಊರಿಗೆ ಬಂದ ದಿನ ನಾನು ಗಜನಿ ತೋರಿಸಿ ಎಂದೆ. ತೋರಿಸಿದರು, ಆದರೆ ಹೆಚ್ಚು ಮಾತಾಡಲಿಲ್ಲ.

ಬರುವಾಗ ಚಿಕ್ಕಿ ಒಂದು ಬಾಟಲಿಯಲ್ಲಿ ಕಗ್ಗದ ಬೀಜ ಕೊಟ್ಟಳು, ನೆರೆಯವರಿಂದ ಕೇಳಿ ತಂದಿದ್ದು. ಅದರಿಂದ ನಾನು ಶಾಲೆಯಲ್ಲಿ ಪ್ರಯೋಗ ಮಾಡಿದೆ. ಕಿಟಕಿಯ ಮೇಲೆ ಮೂರು ಗೆರಟೆ ಇಟ್ಟದ್ದು ನೋಡಿ ಹಲವರು ನಗಾಡಿದ್ದೀರಿ. ಅದರ ವಿವರ ಹೀಗೆ:

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ತಂದೆ. ಮೊದಲ ಗೆರಟೆಗೆ ಬರೀ ನಮ್ಮ ಹಳ್ಳದ ನೀರು. ಎರಡನೆಯದಕ್ಕೆ ಲೀಟರಿಗೆ 5 ಗ್ರಾಂ ಉಪ್ಪು ಹಾಕಿದ ನೀರು. ಮೂರನೆಯದಕ್ಕೆ 35 ಗ್ರಾಂ, ಅಂದರೆ ಸಮುದ್ರದಷ್ಟು. ಒಂದೊಂದರಲ್ಲೂ ಒದ್ದೆ ಬಟ್ಟೆ ಹಾಸಿ, ಒಂದು ಬದಿಗೆ ನಮ್ಮ ಮನೆಯ ಭತ್ತ 10 ಕಾಳು, ಇನ್ನೊಂದು ಬದಿಗೆ ಕಗ್ಗ 10 ಕಾಳು. ದಿನಾ ಅದೇ ಅದೇ ನೀರು ಚಿಮುಕಿಸಿದೆ.

ಮೊದಲ ಗೆರಟೆಯಲ್ಲಿ ಎರಡೂ ಚೆನ್ನಾಗಿ ಮೊಳಕೆ ಬಂದವು. ಎರಡನೆಯದರಲ್ಲಿ ನಮ್ಮ ಭತ್ತ ತಡವಾಗಿ 6 ಕಾಳು ಬಂತು, ಅದೂ ಗಿಡ್ಡ. ಕಗ್ಗ 9 ಬಂತು. ಮೂರನೆಯದರಲ್ಲಿ ನಮ್ಮದೂ ಸೊನ್ನೆ, ಕಗ್ಗವೂ ಸೊನ್ನೆ!

ನಾನು ತಪ್ಪು ಮಾಡಿದೆ ಅಂದುಕೊಂಡು ಮೂರನೇ ಗೆರಟೆ ಮತ್ತೆ ಮಾಡಿದೆ. ಮತ್ತೂ ಸೊನ್ನೆ. ಕಗ್ಗ ಉಪ್ಪುನೀರಿನ ಭತ್ತ ಅಂದರಲ್ಲ, ಇದೇನು? ಮಾಸ್ತರು "ಅವರು ಯಾವಾಗ ಬಿತ್ತುತ್ತಾರೆ ಕೇಳು" ಎಂದರು. ಚಿಕ್ಕಿಗೆ ಫೋನು ಮಾಡಿದೆ. ಜೂನ್ ಕೊನೆಗೆ, ಮಳೆ ಬಂದು ಗಜನಿಯ ಉಪ್ಪು ತೊಳೆದು ಹೋದ ಮೇಲೆ, ಮೊಳಕೆ ಬರಿಸಿದ ಬೀಜ ಬಿತ್ತುತ್ತಾರಂತೆ. ಸಣ್ಣದಿರುವಾಗ ಅದಕ್ಕೆ ಸಿಹಿನೀರೇ ಬೇಕು. ಬೆಳೆದು ಗಟ್ಟಿಯಾದ ಮೇಲೆ, ಮಳೆ ಕಡಿಮೆಯಾಗಿ ಉಪ್ಪು ಏರುವಾಗ ತಡೆದುಕೊಳ್ಳುತ್ತದೆ. ಅಂದರೆ ಕಗ್ಗ ನಿಂತಿರುವುದು ಮೇಲಿಂದ ಬರುವ ಮಳೆ ನೀರಿನ ಮೇಲೆ. ಮೇಲೆ ಅಂದರೆ ಎಲ್ಲಿ? ಶಿರಸಿ, ಸಿದ್ದಾಪುರ, ಮತ್ತೆ ನಮ್ಮ ಯಾಣ.

ಶರಾವತಿಯಲ್ಲಿ ಸಿಹಿನೀರು ಹೆಚ್ಚಾಗಿ ಬಳಚು ಹೋಯಿತು. ಅಘನಾಶಿನಿಯಲ್ಲಿ ಸಿಹಿನೀರು ಕಡಿಮೆಯಾದರೆ ಕಗ್ಗ ಹೋಗುತ್ತದೆ. ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ನನಗೆ ಇಡೀ ಪ್ರವಾಸದಲ್ಲಿ, ರಜೆಯಲ್ಲಿ ಸಿಕ್ಕಿದ ದೊಡ್ಡ ಪಾಠ ಇದು.

ಉಪ್ಪಿನ ವಿಷಯವನ್ನೂ ಸ್ವಲ್ಪ ಹೇಳಬೇಕು. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಇದೇ ಅಳಿವೆಯ ನೀರನ್ನು ಬಿಸಿಲಿಗೆ ಒಣಗಿಸಿ ಉಪ್ಪು ಮಾಡುತ್ತಾರೆ. ಅಲ್ಲಿಯ ನಾಗರಬೈಲ ಉಪ್ಪಿನ ಮಾಲೀಕರ ಸಹಕಾರಿ ಸಂಘ 1952ರದ್ದು. ಅದಕ್ಕೂ ಮೊದಲು 1930ರಲ್ಲಿ ನಮ್ಮ ಜಿಲ್ಲೆಯ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಆಗಿತ್ತು. ನಮ್ಮ ಚಂಡಿಹೊಳೆ ಸೇರುವ ಊರಿನ ಹೆಸರು ಉಪ್ಪಿನಪಟ್ಟಣ ಅಲ್ಲವೇ? ಆ ಹೆಸರು ಕೇಳಿದರೇ ಗೊತ್ತಾಗುತ್ತದೆ, ಹೊಳೆಯಲ್ಲಿ ಏನು ಓಡಾಡುತ್ತಿತ್ತು ಎಂದು. ಮೇಲಿಂದ ಮೆಣಸು ಇಳಿಯುತ್ತಿತ್ತು. ಕರಿಮೆಣಸಿನ ರಾಣಿ ಎಂದು ಪೋರ್ಚುಗೀಸರು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿ 16ನೇ ಶತಮಾನದಲ್ಲಿ ಶರಾವತಿ ದಂಡೆಯಿಂದ ಆಳಿದವಳು, ಅಘನಾಶಿನಿ ದಂಡೆಯ ಮಿರ್ಜಾನ ಕೋಟೆಯೂ ಅವಳದ್ದೇ. ಎರಡೂ ಹೊಳೆ ಅವಳ ಕೈಯಲ್ಲಿತ್ತು.

ಹೊಳೆಗೆ ಮಾನ್ಯತೆಯೂ ಸಿಕ್ಕಿದೆ. ಅಘನಾಶಿನಿ ಅಳಿವೆಯ 4801 ಹೆಕ್ಟೇರ್ ಜಾಗ ರಾಮ್ಸಾರ್ ತಾಣ ಎಂದು 2024ರ ಜನವರಿಯಲ್ಲಿ ಪ್ರಕಟವಾಯಿತು. ರಾಮ್ಸಾರ್ ಇರಾನ್ ದೇಶದ ಊರು, 1971ರಲ್ಲಿ ಅಲ್ಲಿ ಜೌಗು ಪ್ರದೇಶ ಉಳಿಸುವ ಒಪ್ಪಂದ ಆಗಿತ್ತು. ಮೇಲೆ ಕಾಡಿನಲ್ಲಿ ಸಿಂಗಳೀಕಕ್ಕಾಗಿ 2011ರಲ್ಲಿ ಸುಮಾರು 300 ಚದರ ಕಿ.ಮೀ. ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ಇದರ ನಡುವೆಯೇ ಬೇರೆ ಸುದ್ದಿಯೂ ಬರುತ್ತದೆ. 2000ರ ದಶಕದಲ್ಲಿ ತದಡಿಯಲ್ಲಿ 4000 ಮೆಗಾವ್ಯಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ತರುತ್ತೇವೆ ಎಂದಿದ್ದರು, ಜನ ವಿರೋಧಿಸಿದರು, ಅದು ಬರಲಿಲ್ಲ. ಈಚೆಗೆ ಅಘನಾಶಿನಿಯ ನೀರನ್ನು ವೇದಾವತಿ ನದಿಗೆ ತಿರುಗಿಸುವ ಪ್ರಸ್ತಾಪ ಬಂದಿದೆ, ಶಿರಸಿ ಕಡೆ ವಿರೋಧದ ಸಭೆಗಳಾಗಿವೆ. ಈ ಬಗ್ಗೆ ತರಗತಿಯಲ್ಲಿ ಚರ್ಚೆ ಇಟ್ಟಾಗ ನಾನು ಕಗ್ಗದ ವಿಷಯ ಹೇಳಿ ಗೆದ್ದೆ ಅಂದುಕೊಂಡಿದ್ದೆ. ಹಿಂದಿನ ಬೆಂಚಿನ ಒಬ್ಬ ಎದ್ದು, "ಚಿತ್ರದುರ್ಗದ ಕಡೆಯವರಿಗೆ ಕುಡಿಯಲು ನೀರು ಬೇಡವಾ?" ಎಂದು ಕೇಳಿದ. ನನಗೆ ಉತ್ತರ ಬರಲಿಲ್ಲ. ಅವನು ಕೇಳಿದ್ದು ಸರಿಯೇ. ಆದರೆ ಅವರಿಗೆ ನೀರು ಕೊಡುವಾಗ ಚಿಕ್ಕಿಯ ಅತ್ತೆಯವರನ್ನೂ ಯಾರಾದರೂ ಕೇಳಬೇಕಲ್ಲ.

ಈಗ ನಮ್ಮ ಪಾರ್ಕಿಗೆ ಬರುತ್ತೇನೆ.

ಹೋದ ಮಳೆಗಾಲದಲ್ಲಿ ಮೈದಾನದ ಕೆಳಗೆ ಹಳ್ಳದ ದಂಡೆ ಎರಡು ಮಾರು ಕುಸಿದದ್ದು ನೆನಪಿದೆಯೇ? ನಾನು ಹೋಗಿ ನೋಡಿದೆ. ಕುಸಿದದ್ದು ಹಿಂಡಲು ಸವರಿದ ಜಾಗದಲ್ಲೇ. ಕೇದಿಗೆ ಇದ್ದ ಕಡೆ ಮಣ್ಣು ಹಾಗೇ ಇದೆ. ಕೇದಿಗೆಯ ಬುಡ ನೋಡಿ, ಕಾಂಡ್ಲಾದ ಹಾಗೆ ಅದಕ್ಕೂ ಊರುಗೋಲು ಬೇರು! ಮೇಲೆ ಘಟ್ಟದಲ್ಲಿ, ಕತ್ತಲೆಕಾನಿನ ಜೌಗಿನಲ್ಲಿ ಕಾಡು ಜಾಯಿಕಾಯಿ ಜಾತಿಯ ಮರಗಳಿವೆ, ಅವುಗಳ ಬೇರು ಮೊಣಕಾಲು ಮಡಚಿದ ಹಾಗೆ ನೆಲದಿಂದ ಮೇಲೆ ಬಂದು ಉಸಿರಾಡುತ್ತವೆ. ಹೊಳೆಯ ತಲೆಯಲ್ಲೂ ಉಸಿರಾಡುವ ಬೇರು, ಕಾಲಿನಲ್ಲೂ ಉಸಿರಾಡುವ ಬೇರು. ಇದು ಗೊತ್ತಾದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಇನ್ನೊಂದು, ಕಸ. ಒಂದು ಭಾನುವಾರ ಪ್ರವಾಸಿಗರು ಹೋದ ಮೇಲೆ ನಾವು ನಾಲ್ಕು ಜನ ಹಳ್ಳದ ಬದಿಯಲ್ಲಿ ಹೆಕ್ಕಿದ್ದು 63 ಪ್ಲಾಸ್ಟಿಕ್ ಚೀಟು, 11 ಬಾಟಲಿ. ಹೆಕ್ಕದಿದ್ದರೆ ಅವೆಲ್ಲ ಮೊದಲ ಮಳೆಗೆ ಕತಗಾಲ, ಎರಡನೇ ಮಳೆಗೆ ಮಾಸೂರು. 63ರಲ್ಲಿ ಎಲ್ಲವೂ ಪ್ರವಾಸಿಗರದ್ದಲ್ಲ ಅನ್ನುವುದನ್ನೂ ಬರೆಯಬೇಕು. ಶಾಲೆಯ ಎದುರಿನ ಅಂಗಡಿಯ ಐದು ರೂಪಾಯಿ ಚೀಟುಗಳು ಯಾರವು ಎಂದು ನಮಗೇ ಗೊತ್ತು.

ಆದ್ದರಿಂದ ನಾನು ಚಿತ್ರ ಬದಲಾಯಿಸಿ ಮಾಸ್ತರಿಗೆ ತೋರಿಸಿದೆ. ಅವರು ಪಾಲಕರ ಸಭೆಗೆ ಇಟ್ಟರು. ನನ್ನನ್ನೇ ಮಾತಾಡಲು ನಿಲ್ಲಿಸಿದರು, ಕೈ ನಡುಗಿತು. "ಕೇದಿಗೆಯಲ್ಲಿ ಹಾವು ಇರ್ತದೆ" ಎಂದು ಒಬ್ಬರು ಹೇಳಿದರು. ಅದು ಸುಳ್ಳಲ್ಲ. ಅದಕ್ಕೆ ಕೇದಿಗೆಗೂ ಬೆಂಚಿಗೂ ನಡುವೆ ಹತ್ತು ಹೆಜ್ಜೆ ಜಾಗ ಬಿಟ್ಟು ಬೇಲಿ ಹಾಕುವುದು ಎಂದಾಯಿತು. ಅಕೇಶಿಯಾ ಸಸಿ ಸುಲಭವಾಗಿ ಸಿಗುತ್ತದೆ ಎಂದು ಇನ್ನೊಬ್ಬರು ಹೇಳಿದರು. ಅದಕ್ಕೆ ಅಕ್ಕೋರು, ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರ ಮಾತು ತೆಗೆದರು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿಯಾಗಿ ದುಡಿದು, ಕಾಡಿನ ಗಿಡಗಳ ಬೀಜದ ಗುಟ್ಟು ತಿಳಿದು, ಪದ್ಮಶ್ರೀ ಪಡೆದ ಹಾಲಕ್ಕಿ ಅಜ್ಜಿ ಅವರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. "ಅವರು ಬದುಕಿದ್ದರೆ ಇಲ್ಲಿ ಏನು ನೆಡಿ ಅಂತಿದ್ದರು ಯೋಚಿಸಿ" ಎಂದರು ಅಕ್ಕೋರು. ಆಮೇಲೆ ಯಾರೂ ಅಕೇಶಿಯಾ ಅನ್ನಲಿಲ್ಲ.

ಬೆಂಚು ಒಂದೇ ಸಾಕು ಎಂದಾಯಿತು. ಗುಂಡಿ ಐದು. ನೀರಿಗೆ ಹತ್ತಿರದ ಎರಡರಲ್ಲಿ ಹೊಳೆಮತ್ತಿ ಮತ್ತು ರಾಮಪತ್ರೆ. ಮೂರನೆಯದರಲ್ಲಿ ಅಪ್ಪೆಮಿಡಿ, ಅದು ಹೊಳೆ ದಂಡೆಯಲ್ಲೇ ಚೆನ್ನಾಗಿ ಬರುವ ಮಾವು. ಕಾಯಿ ಬಂದಾಗ ಕೊಂಬೆ ಮುರಿಯದೆ ಕೊಯ್ಯಬೇಕು. ನಾಲ್ಕನೆಯದರಲ್ಲಿ ಮುರುಗಲು. ಐದನೆಯದಕ್ಕೆ ಜಗಳ ಇನ್ನೂ ಮುಗಿದಿಲ್ಲ. ಚೆಂದಕ್ಕೆ ಒಂದಾದರೂ ಕ್ರೋಟನ್ ಇರಲಿ ಎಂದು ನಾಲ್ಕನೇ ತರಗತಿಯ ಮಕ್ಕಳು ಹಟ ಹಿಡಿದಿದ್ದಾರೆ. ಇರಲಿ ಬಿಡಿ.

ನೆಡುವುದು ಜೂನ್ ತಿಂಗಳಲ್ಲಿ, ಮಳೆ ಹಿಡಿದ ಮೇಲೆ. ಆಗ ನಾವು ಏಳನೆಯವರು ಇಲ್ಲಿ ಇರುವುದಿಲ್ಲ, ಹೈಸ್ಕೂಲಿಗೆ ಹೋಗಿರುತ್ತೇವೆ. ಹಾಗಾಗಿ ಈ ಕೆಲಸ ಈಗ ಆರನೆಯಲ್ಲಿ ಇರುವವರದ್ದು. ರಾಮಪತ್ರೆ ಬೀಜ ಒಣಗಿದರೆ ಹುಟ್ಟುವುದಿಲ್ಲ, ಹಣ್ಣು ಬಿದ್ದ ಕೂಡಲೇ ಹೆಕ್ಕಿ ಒದ್ದೆ ಮಣ್ಣಿಗೆ ಹಾಕಿ. ಮೂರು ಗೆರಟೆ ಕಿಟಕಿಯ ಮೇಲೇ ಇವೆ, ತೊಳೆದು ಇಟ್ಟಿದ್ದೇನೆ. ಕಗ್ಗದ ಬೀಜದ ಬಾಟಲಿ ವಿಜ್ಞಾನದ ಕಪಾಟಿನ ಮೇಲಿನ ಹಲಗೆಯಲ್ಲಿ ಇದೆ. ಮುಚ್ಚಳ ಬಿಗಿ ಮಾಡಿ ಇಡಿ, ಆ ಕಪಾಟಿನಲ್ಲಿ ಇಲಿ ಓಡಾಡುತ್ತದೆ.